ಮಹಡಿಯ ಬಿಸಿಲು

ಮಧ್ಯಮ ವರ್ಗದ ಮನೆಗಳಲ್ಲಿ ಹಿಂದೆ ಪಂಚಾಂಗ ತೂಗುತ್ತಿದ್ದ ಮೊಳೆಗೆ ಈಗ ರಕ್ತಪರೀಕ್ಷೆಯ ವರದಿಗಳ ಚೀಲ ಜೋತುಬಿದ್ದಿದೆ. ತಿಥಿ ವಾರ ನಕ್ಷತ್ರಗಳಂತೆಯೆ ಅಲ್ಲಿಯೂ ಸಾಲುಸಾಲು ಅಂಕಿಗಳು. ರಾಹುಕಾಲ ಗುಳಿಕಕಾಲಗಳಿಗೆ ಬದಲಾಗಿ ದಪ್ಪಕ್ಷರದಲ್ಲಿ ಅಚ್ಚಾದ ದೋಷಗಳು. ಅವನ್ನು ಓದಿ ಫಲ ಹೇಳುವ ಜೋಯಿಸರೂ ಮನೆಗೊಬ್ಬರಂತೆ ಹುಟ್ಟಿಕೊಂಡಿದ್ದಾರೆ.

ಬೆಂಗಳೂರಿನ ಹನುಮಂತನಗರದ ಒಂದು ಅಡ್ಡರಸ್ತೆಯಲ್ಲಿರುವ ನಿವೃತ್ತ ಪೋಸ್ಟ್‌ಮಾಸ್ಟರರ ಮನೆಯಲ್ಲಿ ಆ ಜೋಯಿಸತನ ಅಳಿಯನ ಪಾಲಿಗೆ ಬಂದಿತ್ತು. ಪೋಸ್ಟ್‌ಮಾಸ್ಟರರಿಗೆ ವಯಸ್ಸು ೬೯, ಮಧುಮೇಹಕ್ಕೆ ೧೪. ಇಷ್ಟು ವರ್ಷದ ಸಹವಾಸದಲ್ಲಿ ಅವರೂ ರೋಗವೂ ಒಂದು ಬಗೆಯ ಒಪ್ಪಂದಕ್ಕೆ ಬಂದಿದ್ದರು. ಬೆಳಿಗ್ಗೆ ಎರಡು ಮಾತ್ರೆ, ರಾತ್ರಿ ಒಂದು, ಸಕ್ಕರೆಯಿಲ್ಲದ ಕಾಫಿ, ಹಬ್ಬದ ದಿನ ಹೋಳಿಗೆಯ ವಿಷಯದಲ್ಲಿ ಇಬ್ಬರೂ ಕಣ್ಣು ಮುಚ್ಚಿಕೊಳ್ಳತಕ್ಕದ್ದು. ಆದರೆ ಎರಡು ವರ್ಷಗಳಿಂದೀಚೆಗೆ ಅವರ ಅಂಗಾಲುಗಳಲ್ಲಿ ಏನೋ ಒಂದು ಜೋಮು ಕಾಣಿಸಿಕೊಂಡಿತ್ತು. ಮೊದಲು ಇರುವೆ ಹರಿದಂತೆ, ಆಮೇಲೆ ಹತ್ತಿಯ ಮೇಲೆ ನಡೆದಂತೆ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ನೋವಾದರೆ ಹೇಳಿಕೊಳ್ಳುವುದು ಸುಲಭ. ನೋವೇ ಆಗುತ್ತಿಲ್ಲ ಎಂದು ಯಾರ ಹತ್ತಿರ ದೂರುವುದು?

ರಿಯಾಯಿತಿ ದರದಲ್ಲಿ ಇಡೀ ದೇಹದ ತಪಾಸಣೆ ಮಾಡುವುದಾಗಿ ಪ್ರಯೋಗಶಾಲೆಯೊಂದು ಸಾರಿದ್ದುದನ್ನು ನೋಡಿ ಅಳಿಯ ಮಾವನವರ ಹೆಸರು ಬರೆಯಿಸಿದ. ಹುಡುಗನೊಬ್ಬ ಮುಂಜಾನೆಯೇ ಮನೆಗೆ ಬಂದು ರಕ್ತ ತೆಗೆದುಕೊಂಡು ಹೋದ. ಸಂಜೆಗೆ ಹದಿನಾರು ಪುಟದ ವರದಿ ಬಂದಿತು. ಸಕ್ಕರೆಯ ಮೂರು ತಿಂಗಳ ಸರಾಸರಿ ಶೇಕಡಾ ೭.೯. ಅದರಲ್ಲಿ ಹೊಸದೇನೂ ಇರಲಿಲ್ಲ. ಹೊಸದಾಗಿ ಕಂಡದ್ದು ಒಂಬತ್ತನೆಯ ಪುಟದಲ್ಲಿ: ವಿಟಮಿನ್ ಡಿ, ಮಿಲಿಲೀಟರಿಗೆ ೧೧ ನ್ಯಾನೋಗ್ರಾಂ. ೨೦ಕ್ಕಿಂತ ಕಡಿಮೆಯಿದ್ದರೆ ಕೊರತೆ ಎಂದು ಪಕ್ಕದಲ್ಲಿಯೇ ಷರಾ ಬರೆದಿತ್ತು.

ಅಳಿಯನ ಮುಖ ಅರಳಿತು. ಊರೆಲ್ಲ ಹುಡುಕಿದ ಕಳ್ಳ ಹಿತ್ತಿಲಿನಲ್ಲಿಯೇ ಸಿಕ್ಕಿದಂತೆ ಅವನು, “ಮಾವ, ಎಲ್ಲದರ ಮೂಲವೂ ಇಲ್ಲಿದೆ,” ಎಂದ. ಡಿ ಜೀವಸತ್ವ ಇಳಿದರೆ ಆಕ್ಸಿಡೇಟಿವ್ ಸ್ಟ್ರೆಸ್ ಏರುತ್ತದೆ. ಅದು ಏರಿದರೆ ನರ, ಕಣ್ಣು, ಮೂತ್ರಪಿಂಡ ಎಲ್ಲವೂ ಕೆಡುತ್ತವೆ. ಆದ್ದರಿಂದ ಡಿ ಜೀವಸತ್ವವನ್ನು ಏರಿಸಿಬಿಟ್ಟರೆ ಮಧುಮೇಹ ತಾನಾಗಿ ದಾರಿಗೆ ಬರುತ್ತದೆ. ತರ್ಕ ಅಂಚೆಯ ಮೊಹರಿನಂತೆ ಸ್ಪಷ್ಟವಾಗಿತ್ತು. ಮೂವತ್ತೆಂಟು ವರ್ಷ ಮೊಹರುಗಳನ್ನೇ ನೋಡಿದ ಪೋಸ್ಟ್‌ಮಾಸ್ಟರರಿಗೆ ಅದೇಕೋ ತಕ್ಷಣ ನಂಬಿಕೆ ಬಂದಿತು. ಹತ್ತಿಯಂತಾಗಿದ್ದ ಅಂಗಾಲೂ ಆ ನಂಬಿಕೆಗೆ ಒಂದು ಕಾರಣವಾಗಿದ್ದಿರಬೇಕು.

ಆ ತರ್ಕದ ಮೊದಲರ್ಧ ಸುಳ್ಳೇನೂ ಅಲ್ಲ. ಆಕ್ಸಿಡೇಟಿವ್ ಸ್ಟ್ರೆಸ್ ಎಂಬುದನ್ನು ಉತ್ಕರ್ಷಣದ ಒತ್ತಡ ಎಂದು ಕನ್ನಡಿಸಿದರೆ ಪಾಠಪುಸ್ತಕದ ವಾಸನೆ ಹೊಡೆಯುತ್ತದೆ. ಆದರೆ ಆ ವಸ್ತು ಪ್ರತಿಯೊಬ್ಬ ಗೃಹಿಣಿಗೂ ಪರಿಚಿತವೇ. ಬದನೆಕಾಯಿಯನ್ನು ಹೆಚ್ಚಿದ ಕೂಡಲೇ ನೀರಿಗೆ ಹಾಕುವುದು ಏಕೆ? ಗಾಳಿ ತಾಕಿದರೆ ಕಪ್ಪಾಗುತ್ತದೆ ಎಂದು. ಕಡಲೆಕಾಯಿ ಎಣ್ಣೆ ಬಹಳ ದಿನ ಇಟ್ಟರೆ ಕಮಟುವುದು, ಮಳೆಗಾಲದಲ್ಲಿ ದೋಸೆಯ ಹೆಂಚು ತುಕ್ಕು ಹಿಡಿಯುವುದು, ಇವೆಲ್ಲ ಆಮ್ಲಜನಕದ ಕೈವಾಡವೇ. ನಮ್ಮನ್ನು ಬದುಕಿಸುವ ಗಾಳಿಯೇ ವಸ್ತುಗಳನ್ನು ಮೆಲ್ಲಮೆಲ್ಲನೆ ತಿನ್ನುತ್ತಲೂ ಇರುತ್ತದೆ.

ದೇಹದೊಳಗೂ ಇದೇ ನಡೆಯುತ್ತದೆ. ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಮೈಟೋಕಾಂಡ್ರಿಯಾ ಎಂಬ ಪುಟ್ಟ ಒಲೆಗಳಿವೆ. ಅನ್ನದಿಂದ ಬಂದ ಸಕ್ಕರೆಯನ್ನು ಆಮ್ಲಜನಕದೊಡನೆ ಉರಿಸಿ ಶಕ್ತಿಯನ್ನು ಹುಟ್ಟಿಸುವುದು ಅವುಗಳ ಕೆಲಸ. ಎಷ್ಟು ಚೆನ್ನಾಗಿ ಉರಿದರೂ ಒಲೆಯೆಂದ ಮೇಲೆ ಒಂದಿಷ್ಟು ಹೊಗೆ ಇದ್ದೇ ಇರುತ್ತದೆ. ಇಲ್ಲಿನ ಹೊಗೆಗೆ ಸೂಪರ್ ಆಕ್ಸೈಡ್ ಎಂದು ಹೆಸರು. ಅದನ್ನು ತೊಡೆದುಹಾಕುವ ಕಿಣ್ವವೂ ದೇಹದಲ್ಲಿಯೇ ಉಂಟು. ಅದರ ಕಾರ್ಯವನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಮೆಕ್ಕಾರ್ಡ್ ಮತ್ತು ಫ್ರಿಡೊವಿಚ್ ಎಂಬಿಬ್ಬರು ೧೯೬೯ರಲ್ಲಿ ಕಂಡುಹಿಡಿದರು. ಹೊಗೆ ಹೆಚ್ಚಿ, ಅದನ್ನು ಹೊರದೂಡುವ ಶಕ್ತಿ ಸಾಲದೆ ಹೋದಾಗ ಉಂಟಾಗುವ ಅಸಮತೋಲಕ್ಕೆ ಉತ್ಕರ್ಷಣದ ಒತ್ತಡ ಎಂಬ ಹೆಸರನ್ನು ೧೯೮೫ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ಬಳಕೆಗೆ ತಂದರು.

ಮಧುಮೇಹದಲ್ಲಿ ಈ ಒಲೆಗೆ ಸೌದೆ ಅತಿಯಾಗುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ದೇಹದ ಬಹುಪಾಲು ಜೀವಕೋಶಗಳು ಬಾಗಿಲನ್ನು ಓರೆ ಮಾಡಿಕೊಂಡು, ತಮಗೆ ಬೇಕಾದಷ್ಟನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತವೆ. ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ, ನರ ಮತ್ತು ಸಣ್ಣ ರಕ್ತನಾಳಗಳ ಕೆಲವು ಕೋಶಗಳಿಗೆ ಮಾತ್ರ ಆ ಜಾಣತನವಿಲ್ಲ. ಹೊರಗೆಷ್ಟು ಸಕ್ಕರೆಯೋ ಒಳಗೂ ಅಷ್ಟೇ. ಅಲ್ಲಿಯ ಒಲೆಗಳು ಹೊಗೆ ಕಾರತೊಡಗುತ್ತವೆ. ಮಧುಮೇಹ ಮೊದಲು ಕಣ್ಣು, ಮೂತ್ರಪಿಂಡ, ಕಾಲುಗಳ ಮೇಲೆಯೇ ಕಣ್ಣಿಡುವುದೇಕೆ ಎಂಬ ಹಳೆಯ ಪ್ರಶ್ನೆಗೆ ನ್ಯೂಯಾರ್ಕಿನ ಮೈಕೆಲ್ ಬ್ರೌನ್‌ಲೀ ೨೦೦೧ರಲ್ಲಿ ಕೊಟ್ಟ ಉತ್ತರ ಇದು. ಪೋಸ್ಟ್‌ಮಾಸ್ಟರರ ಅಂಗಾಲಿನ ಹತ್ತಿಗೂ ಈ ಹೊಗೆಗೂ ಸಂಬಂಧವಿದೆ ಎಂದು ಅಳಿಯ ಹೇಳಿದ್ದರೆ ಅದು ಸರಿಯೇ. ಆದರೆ ಅವನಿಗೆ ಆ ಅಂಗಾಲಿನ ಸಂಗತಿಯೇ ಗೊತ್ತಿರಲಿಲ್ಲ.

ಇನ್ನು ಡಿ ಜೀವಸತ್ವದ ಕಥೆ. ಇದು ನಿಜವಾಗಿ ಮಕ್ಕಳ ಕಥೆ. ಕಲ್ಲಿದ್ದಲ ಹೊಗೆ ಕವಿದ ಯೂರೋಪಿನ ಪಟ್ಟಣಗಳಲ್ಲಿ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುತ್ತಿದ್ದುವು. ಆ ರಿಕೆಟ್ಸ್ ರೋಗದ ಗುಟ್ಟು ೧೯೧೯ರಲ್ಲಿ, ಒಂದೇ ವರ್ಷ, ಎರಡು ಕಡೆ ಎರಡು ವಿಧದಲ್ಲಿ ಒಡೆಯಿತು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳನ್ನು ಮನೆಯೊಳಗೆ ಕೂಡಿಹಾಕಿ, ಓಟ್ಸ್ ಗಂಜಿ ಹಾಕಿ ಸಾಕಿದರು. ಅವಕ್ಕೆ ರಿಕೆಟ್ಸ್ ಬಂದಿತು. ಕಾಡ್ ಮೀನಿನ ಎಣ್ಣೆ ಕೊಟ್ಟಾಗ ವಾಸಿಯಾಯಿತು. ಆದ್ದರಿಂದ ಇದು ಆಹಾರದ ದೋಷ ಎಂದರು ಅವರು. ಅದೇ ಹೊತ್ತಿಗೆ ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಎಂಬ ಮಕ್ಕಳ ವೈದ್ಯರು, ಪಾದರಸದ ದೀಪದ ಅತಿನೇರಳೆ ಬೆಳಕನ್ನು ಮಕ್ಕಳ ಮೈಗೆ ಬಿಟ್ಟು ಅದೇ ರೋಗವನ್ನು ವಾಸಿಮಾಡಿದರು. ಒಂದು ಕೈಗೆ ಬೆಳಕು ಬಿಟ್ಟರೆ ಇನ್ನೊಂದು ಕೈಯ ಮೂಳೆಯೂ ಗಟ್ಟಿಯಾಗುತ್ತಿತ್ತು. ಚರ್ಮದಲ್ಲಿ ಏನೋ ಹುಟ್ಟಿ ರಕ್ತದಲ್ಲಿ ಹರಿಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕೆ? ಆಹಾರವೋ ಬೆಳಕೋ ಎಂಬ ಜಗಳದಲ್ಲಿ ಎರಡು ಪಕ್ಷವೂ ಗೆದ್ದಿತು. ೧೯೨೨ರಲ್ಲಿ ಅಮೆರಿಕದ ಮೆಕಾಲಮ್ ಈ ವಸ್ತುವಿಗೆ, ಎ ಬಿ ಸಿ ಆಗಲೇ ಹಂಚಿಹೋಗಿದ್ದುದರಿಂದ, ಡಿ ಎಂದು ಹೆಸರಿಟ್ಟರು. ಇದೇ ಬಗೆಯ ವಸ್ತುಗಳ ರಸಾಯನವನ್ನು ಬಿಡಿಸಿದ ಜರ್ಮನಿಯ ವಿಂಡೌಸ್ ಅವರಿಗೆ ೧೯೨೮ರ ನೊಬೆಲ್ ಪಾರಿತೋಷಕ ಬಂದಿತು. ಚರ್ಮದಲ್ಲಿ ಹುಟ್ಟಿ, ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಮತ್ತೊಮ್ಮೆ ರೂಪ ಬದಲಿಸಿ ಕೆಲಸಕ್ಕೆ ಇಳಿಯುವ ಈ ವಸ್ತುವನ್ನು ಜೀವಸತ್ವ ಎನ್ನುವುದಕ್ಕಿಂತ ಹಾರ್ಮೋನು ಎನ್ನುವುದೇ ನ್ಯಾಯ. ಆದರೆ ಇಟ್ಟ ಹೆಸರು ನಿಂತುಹೋಯಿತು.

ಬಿಸಿಲಿನ ದೇಶದಲ್ಲಿ ಇದಕ್ಕೆಲ್ಲಿಯ ಬರ ಎಂದು ಬಹಳ ಕಾಲ ಯಾರೂ ಹುಡುಕಲೇ ಇಲ್ಲ. ೨೦೦೦ದಲ್ಲಿ ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು ಆರೋಗ್ಯವಂತರ ರಕ್ತವನ್ನು ನೋಡಿದಾಗ ಕೊರತೆ ಕಣ್ಣಿಗೆ ರಾಚಿತು. ೨೦೦೭ರಲ್ಲಿ ಪ್ರಕಟವಾದ ತಿರುಪತಿಯ ಅಧ್ಯಯನದಲ್ಲಿ ಪಟ್ಟಣಿಗರಿಗಿಂತ ಹಳ್ಳಿಯವರ ಮಟ್ಟ ಮೇಲಿದ್ದರೂ ಅಲ್ಲಿಯೂ ಬಹುಮಂದಿಗೆ ಸಾಲದಾಗಿತ್ತು. ಕಪ್ಪು ಚರ್ಮ ತನ್ನೊಳಗಿನ ಬಣ್ಣದಿಂದಲೇ ಅತಿನೇರಳೆ ಕಿರಣಗಳಿಗೆ ಕೊಡೆ ಹಿಡಿಯುತ್ತದೆ. ಅದರ ಮೇಲೆ ಮೈತುಂಬ ಬಟ್ಟೆ; ಅದರ ಮೇಲೆ ಪಟ್ಟಣದ ಧೂಳು, ಹೊಗೆ. ಮೊಟ್ಟೆ ಮೀನು ಮುಟ್ಟದವರ ಊಟದಲ್ಲಿ ಈ ವಸ್ತು ಇಲ್ಲವೆಂದೇ ಹೇಳಬೇಕು. ಪೋಸ್ಟ್‌ಮಾಸ್ಟರರಂತೂ ಕಿಟಕಿಯ ಪಕ್ಕದಲ್ಲಿಯೇ ಮೂವತ್ತೆಂಟು ವರ್ಷ ಕುಳಿತಿದ್ದವರು. ಆದರೆ ಕಿಟಕಿಗೆ ಗಾಜಿತ್ತು. ಗಾಜು ಬೆಳಕನ್ನೂ ಬಿಸಿಯನ್ನೂ ಒಳಗೆ ಬಿಟ್ಟು, ಬೇಕಾದ ಆ ಒಂದು ಕಿರಣವನ್ನು ಮಾತ್ರ ಹೊರಗೆ ನಿಲ್ಲಿಸುತ್ತದೆ. ಅವರ ಕೈಕೆಳಗೆ ಬಿಸಿಲಿನಲ್ಲಿ ಓಣಿ ಓಣಿ ಅಲೆದ ಅಂಚೆಪೇದೆಯೊಬ್ಬರಿಗೂ ನಿವೃತ್ತಿಯ ಹೊತ್ತಿಗೆ ಮಧುಮೇಹ ಬಂದಿತ್ತೆಂಬುದನ್ನು ಪೋಸ್ಟ್‌ಮಾಸ್ಟರರು ಆ ಉತ್ಸಾಹದಲ್ಲಿ ಮರೆತರು.

ಅವರು ಮೊದಲು ಆರಿಸಿಕೊಂಡದ್ದು ಎಳೆಬಿಸಿಲನ್ನು. ಹಸುಗೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯುವ ನಾಡಿನಲ್ಲಿ ಬೇರೇನನ್ನು ಆರಿಸಿಯಾರು? ಅಳಿಯ ಅದನ್ನು ತಿದ್ದಿದ. ಈ ಒಂದು ವಿಷಯದಲ್ಲಿ ಅವನು ಹೇಳಿದುದು ಸರಿ. ಬೆಳಗಿನ ಸೂರ್ಯನ ಕಿರಣ ಓರೆಯಾಗಿ ವಾತಾವರಣವನ್ನು ಸೀಳಿಕೊಂಡು ಬರಬೇಕಾಗುವುದರಿಂದ, ಡಿ ಜೀವಸತ್ವವನ್ನು ಹುಟ್ಟಿಸುವ ಕಿರಣ ಹಾದಿಯಲ್ಲಿಯೇ ಓಜೋನ್ ಪದರದ ಪಾಲಾಗುತ್ತದೆ. ನೆರಳು ಮೈಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಮಾತ್ರ ಅದು ಚೆನ್ನಾಗಿ ದೊರೆಯುವುದು. ಲಂಡನ್ನಿನಲ್ಲಿ ಚಳಿಗಾಲದ ನಟ್ಟನಡುಹಗಲಿನಲ್ಲಿಯೂ ನೆರಳು ಆಳಿಗಿಂತ ಮೂರು ಪಟ್ಟಿಗೂ ಮಿಕ್ಕಿ ಉದ್ದ ಬೀಳುತ್ತದೆ. ಹದಿಮೂರು ಡಿಗ್ರಿ ಅಕ್ಷಾಂಶದ ಬೆಂಗಳೂರಿಗೆ ಆ ಭಯವಿಲ್ಲ. ಡಿಸೆಂಬರಿನಲ್ಲಿಯೂ ಮಧ್ಯಾಹ್ನದ ನೆರಳು ಗಿಡ್ಡವೇ. ಏಪ್ರಿಲ್ ೨೪ ಮತ್ತು ಆಗಸ್ಟ್ ೧೮ರ ಸುಮಾರಿಗೆ ವರ್ಷಕ್ಕೆರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನಿಂತ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ.

ಲೆಕ್ಕವೆಂದರೆ ಪೋಸ್ಟ್‌ಮಾಸ್ಟರರಿಗೆ ಪ್ರಾಣ. ಮಹಡಿಯ ಮೇಲೆ ಒಂದು ಕೋಲು ನೆಟ್ಟು, ಸೀಮೆಸುಣ್ಣದಲ್ಲಿ ನೆರಳಿನ ಗೆರೆಗಳನ್ನೆಳೆದು, ಹನ್ನೊಂದೂವರೆಗೆ ಅರ್ಧ ತೋಳಿನ ಬನಿಯನ್ನಿನಲ್ಲಿ ಹತ್ತಿ, ಹನ್ನೆರಡಕ್ಕೆ ಇಳಿಯುವುದೆಂದು ಗೊತ್ತುಮಾಡಿಕೊಂಡರು. ಏಪ್ರಿಲ್ ತಿಂಗಳು. ಮೋಡದ ಸುಳಿವಿಲ್ಲ. ನೆರೆಮನೆಯ ಮೂರನೆಯ ಅಂತಸ್ತಿನವರು ಇದೇನು ಹೊಸ ವ್ರತವೆಂದು ಇಣಿಕಿ ನೋಡಿದರು.

ಏಪ್ರಿಲ್ ಎಂದರೆ ಸಂಡಿಗೆಯ ತಿಂಗಳೂ ಹೌದು. ಮನೆಯಾಕೆ ಬೆಳಿಗ್ಗೆ ಏಳಕ್ಕೇ ಮಹಡಿಗೆ ಹೋಗಿ ಹಳೆಯ ಪಂಚೆಯನ್ನು ಹಾಸಿ, ಅರಳು ಸಂಡಿಗೆ ಇಟ್ಟು, ಎಂಟೂವರೆಗೆ ಇಳಿದುಬರುವರು. ಸಂಡಿಗೆ ಹರಡಿದ ಮಹಡಿಯ ಮೇಲೆ ಚಪ್ಪಲಿ ಸಲ್ಲದು. ಅದು ಆಕೆಯ ಅತ್ತೆಯ ಕಾಲದಿಂದ ಬಂದ ಕಾನೂನು. ಆ ಮನೆಯಲ್ಲಿ ಅದನ್ನು ಮುರಿದವರಿಲ್ಲ. ಪೋಸ್ಟ್‌ಮಾಸ್ಟರರು ಮೆಟ್ಟಿಲ ಬಾಯಲ್ಲಿ ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಮಹಡಿಯ ಆ ಕೊನೆಗೆ ನಡೆದು, ಅರ್ಧ ಗಂಟೆ ನಿಂತು ಬರುತ್ತಿದ್ದರು. ಉರಿಬಿಸಿಲಿಗೆ ಕಾದ ಗಾರೆಯ ನೆಲದ ಬಿಸಿ ಐವತ್ತು ಡಿಗ್ರಿಯನ್ನು ದಾಟಬಲ್ಲುದು. ಬೇರೆ ಯಾರೇ ಆಗಿದ್ದರೂ ನಾಲ್ಕು ಹೆಜ್ಜೆಗೆ ಕುಣಿದುಕೊಂಡು ನೆರಳಿಗೆ ಓಡುತ್ತಿದ್ದರು. ಅವರಿಗೆ ಏನೂ ಅನ್ನಿಸಲಿಲ್ಲ. ನೆತ್ತಿ ಸುಡುತ್ತಿದೆಯೆಂದು ಟವಲು ಹೊದ್ದುಕೊಂಡರು. ಪಾದ ಸುಡುತ್ತಿರುವುದನ್ನು ಪಾದ ಅವರಿಗೆ ಹೇಳಲೇ ಇಲ್ಲ.

ಐದನೆಯ ದಿನ ಸಂಜೆ, ಒರೆಸಿದ ನೆಲದ ಮೇಲೆ ಅಡುಗೆಮನೆಯವರೆಗೂ ಮೂಡಿದ್ದ ಒದ್ದೆಯ ಗುರುತುಗಳನ್ನು ಮನೆಯಾಕೆ ಕಂಡರು. ನೀರು ಚೆಲ್ಲಿದೆಯೆಂದು ಒರೆಸಲು ಬಗ್ಗಿದಾಗ ಅದು ನೀರಿನಂತಿರಲಿಲ್ಲ. ಗಂಡನನ್ನು ಕುರ್ಚಿಯ ಮೇಲೆ ಕೂರಿಸಿ ಪಾದ ಎತ್ತಿ ನೋಡಿದರು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ರೂಪಾಯಿಯಗಲದ ಬೊಬ್ಬೆ ಒಡೆದು, ಚರ್ಮ ಸುಲಿದು, ಕೆಂಪಗೆ ಕಾಣುತ್ತಿತ್ತು. “ಇದು ಯಾವಾಗ ಆದದ್ದು?” ಎಂದು ಆಕೆ ಕೇಳಿದರೆ, “ಯಾವುದು?” ಎಂದರು ಅವರು. ಮಧುಮೇಹಿಗಳ ಮನೆಯಲ್ಲಿ ಇದಕ್ಕಿಂತ ಭಯಂಕರವಾದ ಮರುಪ್ರಶ್ನೆ ಇನ್ನೊಂದಿಲ್ಲ. ಅದೇ ಬೀದಿಯಲ್ಲಿ ಹೀಗೆಯೇ ಒಂದು ಸಣ್ಣ ಗಾಯದಿಂದ ಆರಂಭವಾಗಿ ಮೊಳಕಾಲಿನವರೆಗೆ ಕಾಲು ಕಳೆದುಕೊಂಡವರೊಬ್ಬರಿದ್ದರು. ಅವರ ಊರುಗೋಲಿನ ಸದ್ದು ಪ್ರತಿದಿನ ಸಂಜೆ ಈ ಮನೆಯ ಮುಂದೆ ಹಾದುಹೋಗುತ್ತಿತ್ತು. ಆ ರಾತ್ರಿ ದಂಪತಿಗಳಿಬ್ಬರೂ ನಿದ್ರೆ ಮಾಡಲಿಲ್ಲ. ಚಪ್ಪಲಿಯ ಕಾನೂನು ತಮ್ಮದೆಂದು ಆಕೆ ಅಳುವುದು. ಎರಡು ವರ್ಷದಿಂದ ಜೋಮಿದ್ದುದನ್ನು ಹೇಳದೆ ಮುಚ್ಚಿಟ್ಟವರು ತಾವೆಂದು ಅವರು ಸಮಾಧಾನ ಹೇಳುವುದು. ಹೀಗೆ ಬೆಳಗಾಯಿತು.

ವೈದ್ಯರು ಗಾಯವನ್ನು ತೊಳೆದು ಕಟ್ಟಿದ ಮೇಲೆ ಒಂದು ವಿಚಿತ್ರ ಪರೀಕ್ಷೆ ಮಾಡಿದರು. ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮೀನಿನ ಗಾಳದ ದಾರದಂತಹ ನೈಲಾನ್ ಎಳೆಯೊಂದನ್ನು ಅಂಗಾಲಿನ ಅಲ್ಲಲ್ಲಿ ಒತ್ತಿ, ಮುಟ್ಟಿದಾಗಲೆಲ್ಲ ‘ಹ್ಞಾ’ ಎನ್ನಬೇಕೆಂದರು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವಂತೆ ಮಾಡಿದ ಎಳೆ ಅದು. ಮನೆಯಾಕೆ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಎಳೆ ಒತ್ತುತ್ತಿತ್ತು, ಬಾಗುತ್ತಿತ್ತು. ಗಂಡ ಮಾತ್ರ ಕಣ್ಣು ಮುಚ್ಚಿ, ಪರೀಕ್ಷೆ ಇನ್ನೂ ಆರಂಭವಾಗಿಲ್ಲವೆಂಬಂತೆ ಸುಮ್ಮನೆ ಕುಳಿತಿದ್ದರು.

ಅಳಿಯನೂ ಜೊತೆಯಲ್ಲಿ ಬಂದಿದ್ದ. ಡಿ ಜೀವಸತ್ವದ ಮಾತನ್ನು ಅವನೇ ಎತ್ತಿದ. ವೈದ್ಯರು ಅವನನ್ನು ಗದರಿಸಲಿಲ್ಲ. ಟೆಹರಾನಿನ ಮಜ್ಜಿಗೆಯ ಕಥೆಯನ್ನು ಹೇಳಿದರು. ಪಾರಸಿಕರು ಊಟದೊಡನೆ ಕುಡಿಯುವ ದೂಗ್ ಎಂಬ ಪಾನೀಯವಿದೆ. ನೀರುಬೆರೆಸಿದ ಉಪ್ಪು ಮೊಸರು, ಅಂದರೆ ನಮ್ಮ ಮಜ್ಜಿಗೆಯೇ. ಅಲ್ಲಿಯ ಸಂಶೋಧಕರು ೯೦ ಮಂದಿ ಮಧುಮೇಹಿಗಳನ್ನು ಮೂರು ಗುಂಪುಮಾಡಿ, ದಿನಕ್ಕೆರಡು ಲೋಟದಂತೆ ಹನ್ನೆರಡು ವಾರ ಮಜ್ಜಿಗೆ ಕುಡಿಸಿದರು. ಒಂದು ಗುಂಪಿಗೆ ಬರಿಯ ಮಜ್ಜಿಗೆ. ಇನ್ನೊಂದಕ್ಕೆ ಲೋಟಕ್ಕೆ ೫೦೦ ಯೂನಿಟ್ ಡಿ ಜೀವಸತ್ವ ಬೆರೆಸಿದ್ದು. ಮೂರನೆಯದಕ್ಕೆ ಅದರೊಡನೆ ಹೆಚ್ಚಿನ ಸುಣ್ಣದಂಶವೂ ಇದ್ದದ್ದು. ೨೦೧೧ರಲ್ಲಿ ಬಂದ ಫಲಿತಾಂಶದಲ್ಲಿ ಜೀವಸತ್ವ ಕುಡಿದವರ ಸಕ್ಕರೆ ಕೆಳಗಿಳಿದಿತ್ತು. ಅದೇ ತಂಡ ೨೦೧೪ರಲ್ಲಿ ಉತ್ಕರ್ಷಣದ ಒತ್ತಡವೂ ತಗ್ಗಿದುದನ್ನು ವರದಿಮಾಡಿತು. ಅಳಿಯ ಓದಿದ್ದುದು ಬಹುಶಃ ಇಂತಹದೇ ಒಂದನ್ನು.

“ಹಾಗಾದರೆ ನಾನು ಹೇಳಿದ್ದು ಸರಿಯಾಯಿತಲ್ಲ!” ಎಂದ ಅಳಿಯ.

“ಕಥೆ ಅಲ್ಲಿಗೇ ಮುಗಿದಿದ್ದರೆ ಸರಿಯಾಗುತ್ತಿತ್ತು,” ಎಂದರು ವೈದ್ಯರು. ತೊಂಬತ್ತು ಜನ, ಹನ್ನೆರಡು ವಾರ. ಹೆಚ್ಚು ಜನರನ್ನು ಹೆಚ್ಚು ಕಾಲ ನೋಡಿದಾಗ ಆ ಹೊಳಪು ಮಾಸುತ್ತ ಬಂದಿತು. ನಾರ್ವೆ ದೇಶದ ಟ್ರೋಮ್ಸೊ ಎಂಬಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ ೫೧೧ ಮಂದಿಯಲ್ಲಿ ಕೆಲವರಿಗೆ ವಾರಕ್ಕೆ ೨೦,೦೦೦ ಯೂನಿಟ್ಟಿನಂತೆ ಐದು ವರ್ಷ ಕೊಟ್ಟರು. ೨೦೧೬ರಲ್ಲಿ ಪ್ರಕಟವಾದ ಫಲದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ೨೨ ಕೇಂದ್ರಗಳಲ್ಲಿ ಅಂತಹವರೇ ೨,೪೨೩ ಮಂದಿಯನ್ನು ಕೂಡಿಸಿ, ಅರ್ಧ ಜನಕ್ಕೆ ದಿನಕ್ಕೆ ೪,೦೦೦ ಯೂನಿಟ್, ಉಳಿದವರಿಗೆ ಹುಸಿಗುಳಿಗೆ ಕೊಟ್ಟು ಸುಮಾರು ಎರಡೂವರೆ ವರ್ಷ ಕಾದರು. ೨೦೧೯ರ ಲೆಕ್ಕದಂತೆ ಜೀವಸತ್ವ ತಿಂದವರಲ್ಲಿ ೨೯೩ ಮಂದಿಗೂ ಹುಸಿಗುಳಿಗೆ ತಿಂದವರಲ್ಲಿ ೩೨೩ ಮಂದಿಗೂ ಮಧುಮೇಹ ಬಂದಿತು. ಆಕಸ್ಮಿಕವಾಗಿಯೂ ಅಷ್ಟು ಅಂತರ ಬರಬಹುದೆಂದು ಗಣಿತಜ್ಞರು ತಲೆಯಾಡಿಸಿದರು. ಅಂಚೆ ಇಲಾಖೆಯ ಲೆಕ್ಕಪರಿಶೋಧನೆಯಲ್ಲಿ ಪಳಗಿದ್ದ ಪೋಸ್ಟ್‌ಮಾಸ್ಟರರು ಆ ಎರಡು ಅಂಕಿಗಳನ್ನು ಔಷಧಿಯ ಚೀಟಿಯ ಹಿಂದೆ ಬರೆದುಕೊಂಡು ಬಹಳ ಹೊತ್ತು ನೋಡಿದರು. ಇಂತಹ ಮೂರು ಪರೀಕ್ಷೆಗಳನ್ನು ಒಟ್ಟುಗೂಡಿಸಿದ ೨೦೨೩ರ ಲೆಕ್ಕದಲ್ಲಿ ಮಧುಮೇಹಕ್ಕೆ ತಿರುಗುವ ಭಯ ನೂರಕ್ಕೆ ಹದಿನೈದರಷ್ಟು ತಗ್ಗಿತ್ತು ಎಂಬುದೂ ನಿಜ. ಆದರೆ ಅದು ಹೊಸ್ತಿಲಲ್ಲಿ ನಿಂತವರ ಮಾತು; ಹದಿನಾಲ್ಕು ವರ್ಷದ ಹಿಂದೆಯೇ ಹೊಸ್ತಿಲು ದಾಟಿದವರದಲ್ಲ.

ಹೊಗೆಯನ್ನೇ ನೇರವಾಗಿ ಒರೆಸುವ ಯತ್ನವೂ ನಡೆದುಹೋಗಿದೆ. ಉತ್ಕರ್ಷಣವನ್ನು ತಡೆಯುವುದೆಂದು ಹೆಸರಾದ ಇ ಜೀವಸತ್ವವನ್ನು ಹೃದಯದ ತೊಂದರೆಯ ಭಯವಿದ್ದ ಒಂಬತ್ತೂವರೆ ಸಾವಿರ ಜನರಲ್ಲಿ ಪರೀಕ್ಷಿಸಿದರು. ಅವರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಮಧುಮೇಹಿಗಳು. ವರ್ಷಗಟ್ಟಲೆ ತಿಂದರೂ ಹೃದಯಾಘಾತ ತಗ್ಗಲಿಲ್ಲವೆಂದು ೨೦೦೦ದಲ್ಲಿ ವರದಿ ಬಂದಿತು. ಒಲೆಗೆ ಅತಿಯಾಗಿ ಸೌದೆ ತುರುಕುತ್ತ, ಕಿಟಕಿಯ ಬಳಿ ಬೀಸಣಿಗೆ ಬೀಸಿದರೆ ಏನು ಪ್ರಯೋಜನ? ಸೌದೆಯನ್ನು, ಎಂದರೆ ಸಕ್ಕರೆಯನ್ನು, ತಗ್ಗಿಸುವುದೇ ಹೊಗೆಗೆ ಮೊದಲ ಮದ್ದು.

ಹಾಗೆಂದು ೧೧ ಎಂಬ ಅಂಕಿಯನ್ನು ವೈದ್ಯರು ತಳ್ಳಿಹಾಕಲಿಲ್ಲ. ಆ ಮಟ್ಟದಲ್ಲಿ ಮೂಳೆಗೂ ಮಾಂಸಖಂಡಕ್ಕೂ ಕೇಡುಂಟು. ಬಿದ್ದರೆ ಸೊಂಟ ಮುರಿಯುವ ವಯಸ್ಸು. ಅದನ್ನು ತುಂಬಿಕೊಳ್ಳಲೇಬೇಕು, ಆದರೆ ಮೂಳೆಗಾಗಿ. ಮಧುಮೇಹದ ಮಾತ್ರೆ ಬಿಡುವುದಕ್ಕಾಗಿ ಅಲ್ಲ. ಅದರೊಡನೆ ಅವರು ವರದಿಯ ಹದಿನಾರು ಪುಟಗಳಲ್ಲಿ ಇಲ್ಲದ ಒಂದು ಪರೀಕ್ಷೆಗೆ ಬರೆದುಕೊಟ್ಟರು: ಬಿ ೧೨ ಜೀವಸತ್ವ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತಿಂದವರಲ್ಲಿ ಅದು ಇಳಿಯುವುದುಂಟು. ಸಸ್ಯಾಹಾರಿಗಳಲ್ಲಿ ಇನ್ನೂ ಇಳಿದೀತು. ಇಳಿದರೆ ಕಾಲಿಗೆ ಇದೇ ಜೋಮು ಬರುತ್ತದೆ. ನೋಡಿದರೆ ಅದೂ ಕಡಿಮೆಯೇ ಇತ್ತು. ಎಲ್ಲರೂ ಡಿ ಡಿ ಎಂದು ಕೂಗುತ್ತಿದ್ದ ಮನೆಯಲ್ಲಿ ಬಿ ಸದ್ದಿಲ್ಲದೆ ಮೂಲೆಯಲ್ಲಿ ಕುಳಿತಿತ್ತು. ಜೋಮಿನಲ್ಲಿ ಅದರ ಪಾಲೆಷ್ಟು, ಸಕ್ಕರೆಯ ಪಾಲೆಷ್ಟು ಎಂದು ವಿಭಾಗಪತ್ರ ಬರೆಯುವುದು ಸಾಧ್ಯವಿಲ್ಲವೆಂದರು ವೈದ್ಯರು. ಬಿ ೧೨ರ ಪಾಲಿಗೆ ಸೂಜಿಮದ್ದು ಆರಂಭವಾಯಿತು.

ಡಿ ಜೀವಸತ್ವವನ್ನು ವಾರಕ್ಕೊಂದು ೬೦,೦೦೦ ಯೂನಿಟ್ಟಿನ ಪುಡಿಯ ಪೊಟ್ಟಣದಂತೆ ಎಂಟು ವಾರ ಹಾಲಿನಲ್ಲಿ ಕುಡಿಯಲು ಬರೆದರು. ‘ವಾರಕ್ಕೊಂದು’ ಎಂಬುದರ ಕೆಳಗೆ ಎರಡು ಗೆರೆ ಎಳೆದರು. ಅದಕ್ಕೆ ಕಾರಣವೂ ಇತ್ತು. ದಿನಕ್ಕೊಬ್ಬ ಮನುಷ್ಯನಿಗೆ ಬೇಕಾದುದು ೬೦೦ ಯೂನಿಟ್ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ೨೦೨೦ರಲ್ಲಿ ಹೇಳಿದೆ. ಅದರ ನೂರರಷ್ಟಿರುವ ಪೊಟ್ಟಣವನ್ನು ಟಾನಿಕ್ಕಿನಂತೆ ದಿನವೂ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ. ಈ ವಸ್ತು ಕೊಬ್ಬಿನಲ್ಲಿ ಕರಗಿ ಅಲ್ಲಿಯೇ ಮನೆಮಾಡುವುದರಿಂದ ಹೆಚ್ಚಾದುದನ್ನು ದೇಹ ಬೇಗ ಹೊರಹಾಕಲಾರದು. ರಕ್ತದಲ್ಲಿ ಸುಣ್ಣದಂಶ ಏರಿ, ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ವಾಂತಿ, ಮಂಕು ಕವಿದು, ಕಡೆಗೆ ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತದೆ. ಬಾಯಾರಿಕೆಯೂ ಮೂತ್ರವೂ ಸಕ್ಕರೆ ಏರಿದುದರ ಲಕ್ಷಣಗಳೇ ಆದುದರಿಂದ ಮಧುಮೇಹಿಯ ಮನೆಯಲ್ಲಿ ಯಾರಿಗೂ ಬೇರೆ ಅನುಮಾನ ಬರುವುದಿಲ್ಲ. ಬಿಸಿಲು ಮಾತ್ರ ಇಂತಹ ಮೋಸ ಮಾಡದು. ಸಾಕಾದಷ್ಟು ತಯಾರಾದ ಮೇಲೆ ಚರ್ಮ ಉಳಿದುದನ್ನು ನಿರುಪಯೋಗಿ ವಸ್ತುವಾಗಿ ತಾನೇ ಮಾರ್ಪಡಿಸಿಬಿಡುತ್ತದೆ. ಎಷ್ಟು ಹೊತ್ತು ನಿಂತರೂ ಬಿಸಿಲಿನಿಂದ ಡಿ ಜೀವಸತ್ವದ ಅಜೀರ್ಣ ಆಗುವುದಿಲ್ಲ. ಮೈ ಸುಡುವುದು ಬೇರೆ ಮಾತು.

ಇಷ್ಟೆಲ್ಲಕ್ಕೂ ಕಾರಣವಾದ ಆ ಪರೀಕ್ಷೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ೨೦, ೩೦ ಎಂಬ ಗೆರೆಗಳನ್ನು ೨೦೧೧ರಲ್ಲಿ ಎಳೆದ ಅಮೆರಿಕದ ಎಂಡೊಕ್ರೈನ್ ಸೊಸೈಟಿಯೇ ೨೦೨೪ರಲ್ಲಿ ಆ ಗೆರೆಗಳನ್ನು ಕೈಬಿಟ್ಟು, ಆರೋಗ್ಯವಂತರೆಲ್ಲರಿಗೂ ಸುಮ್ಮಸುಮ್ಮನೆ ಈ ಪರೀಕ್ಷೆ ಬೇಡವೆಂದಿತು. ಗೋಡೆಯ ಮೊಳೆಗಳ ಭಾರ ಇದರಿಂದ ತಗ್ಗೀತೆಂದು ತೋರುವುದಿಲ್ಲ.

ಪೋಸ್ಟ್‌ಮಾಸ್ಟರರ ಗಾಯ ಆರಲು ಎಂಟು ವಾರ ಹಿಡಿಯಿತು. ಎರಡು ಸಲ ಕೀವು ತುಂಬಿತು. ಒಮ್ಮೆ ಬೆರಳು ಉಳಿಯುವುದೋ ಇಲ್ಲವೋ ಎಂಬಂತಾಗಿತ್ತು. ಬೆರಳು ಉಳಿಯಿತು. ಪೊಟ್ಟಣಗಳು ಮುಗಿದ ಕೆಲವು ವಾರಗಳ ಮೇಲೆ ನೋಡಿದಾಗ ಡಿ ಜೀವಸತ್ವ ೩೪ಕ್ಕೇರಿತ್ತು. ಸಕ್ಕರೆಯ ಸರಾಸರಿ ೭.೪ಕ್ಕಿಳಿದಿತ್ತು, ಅದರ ಕೀರ್ತಿಯನ್ನು ಅಳಿಯ ಜೀವಸತ್ವಕ್ಕೆ ಕೊಟ್ಟ, ವೈದ್ಯರು ರಾತ್ರಿಯ ಅನ್ನ ಕಡಿಮೆಯಾದುದಕ್ಕೂ ಹೆಚ್ಚಿಸಿದ ಮಾತ್ರೆಗೂ ಕೊಟ್ಟರು. ಅಂಗಾಲಿನ ಹತ್ತಿ ಸ್ವಲ್ಪ ತೆಳುವಾಗಿದೆ, ಹೋಗಿಲ್ಲ. ಪ್ರತಿರಾತ್ರಿ ಮನೆಯಾಕೆ ಕನ್ನಡಕ ಹಾಕಿಕ್ಕೊಂಡು, ದೀಪವನ್ನು ಹತ್ತಿರಕ್ಕೆಳೆದು, ಗಂಡನ ಎರಡು ಪಾದಗಳನ್ನೂ ಬೆರಳ ಸಂದುಗಳನ್ನೂ ನೋಡುತ್ತಾರೆ. ಗಂಡನ ಪಾದ ನೋಡುವುದು ಹೊಸದೇನಲ್ಲ ಎಂದು ಮೊದಮೊದಲು ನಗೆಯಾಡುತ್ತಿದ್ದರು.

ಗಾಯ ಕಟ್ಟಿಸಿಕೊಳ್ಳಲು ಹೋದ ಒಂದು ದಿನ ಕುರ್ಚಿಯಿಂದ ಏಳುವಾಗ ಆಕೆ ಮೊಣಕಾಲು ಹಿಡಿದುಕೊಂಡು ಮುಲುಗಿದುದನ್ನು ವೈದ್ಯರು ಗಮನಿಸಿದರು. “ನಿಮ್ಮ ರಕ್ತ ಪರೀಕ್ಷೆ ಆಗಿದೆಯೇ?” ಎಂದು ಕೇಳಿದರು. ಆಗಿರಲಿಲ್ಲ. ರಿಯಾಯಿತಿ ಇಬ್ಬರಿಗೂ ಇತ್ತು, ಆದರೆ ಆಕೆಯ ಹೆಸರು ಬರೆಯಿಸಬೇಕೆಂದು ಅಳಿಯನಿಗಾಗಲಿ ಗಂಡನಿಗಾಗಲಿ ತೋರಿರಲಿಲ್ಲ, ಆಕೆಗೂ ತೋರಿರಲಿಲ್ಲ. ದಿನವೂ ಬೆಳಿಗ್ಗೆ ಒಂದೂವರೆ ಗಂಟೆ ಮಹಡಿಯ ಬಿಸಿಲಿನಲ್ಲಿ ಕುಳಿತು ಸಂಡಿಗೆಯಿಟ್ಟ ಆ ಮೈಯಲ್ಲಿ ಡಿ ಜೀವಸತ್ವ ೮ ಇತ್ತು.

ಈಗ ಭಾನುವಾರ ಬೆಳಿಗ್ಗೆ ಪುಡಿಯನ್ನು ಹಾಲಿಗೆ ಬೆರೆಸಿಕೊಡುವ ಕೆಲಸ ಪೋಸ್ಟ್‌ಮಾಸ್ಟರರದು. ಕೊಟ್ಟ ದಿನಾಂಕವನ್ನು ರಿಜಿಸ್ಟರಿನಂತೆ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಸಂಡಿಗೆ ನೆಲದಿಂದ ಹಳೆಯ ಹಗ್ಗದ ಮಂಚಕ್ಕೆ ಏರಿದೆ. ಮೆಟ್ಟಿಲ ಬಾಯಲ್ಲಿ ಮಹಡಿಗೆಂದೇ ಕೊಂಡ, ಮೆದು ಅಡಿಯ, ಹಿಮ್ಮಡಿಗೆ ಪಟ್ಟಿಯಿರುವ ಎರಡು ಜೊತೆ ಚಪ್ಪಲಿಗಳಿವೆ.